ಹೂಳಬಾರದ ಕಣಿವೆ

ಈಜಿಪ್ಟಿನಲ್ಲಿ ಹೊಲ ಮುಗಿಯುವುದಕ್ಕೂ ಮರಳುಗಾಡು ಶುರುವಾಗುವುದಕ್ಕೂ ನಡುವೆ ಏನೂ ಇಲ್ಲ. ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತರೆ ಒಂದು ಕಾಲು ಹಸಿ ಮಣ್ಣಿನಲ್ಲಿ, ಇನ್ನೊಂದು ಕಾಲು ಮರಳಿನಲ್ಲಿ. ನೈಲ್ ನದಿಯ ನೆರೆ ಎಲ್ಲಿಯವರೆಗೆ ಹರಡಿ ಮೆಕ್ಕಲು ಮಣ್ಣು ತಂದು ಹಾಕುತ್ತಿತ್ತೋ ಅಲ್ಲಿಯವರೆಗೆ ಬೆಳೆ, ಅದರಾಚೆ ಒಂದು ಗರಿಕೆಯೂ ಇಲ್ಲ. ಐದು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಆ ನಾಡಿನ ಜನ ಈ ಗೆರೆಯ ಈಚೆ ಬದುಕಿದ್ದಾರೆ, ಆಚೆ ಹೆಣ ಹೂತಿದ್ದಾರೆ. ಪಡುವಣವೇ ಸತ್ತವರ ದಿಕ್ಕು, ಸೂರ್ಯ ಮುಳುಗುವ ಕಡೆಗೇ ಅವರೂ ಹೋಗುತ್ತಾರೆ ಎಂಬ ನಂಬಿಕೆ ಇದ್ದದ್ದು ನಿಜ. ಆದರೆ ಬೆನಿ ಹಸನ್, ಅಮಾರ್ನಾದಂಥ ಕಡೆ ನದಿಯ ಮೂಡಣ ದಂಡೆಯಲ್ಲೂ ದೊಡ್ಡ ದೊಡ್ಡ ಗೋರಿಗಳಿವೆ. ನಂಬಿಕೆಗಿಂತ ಮೊದಲು ಬಂದದ್ದು ರೈತನ ಲೆಕ್ಕಾಚಾರ ಎಂದೇ ನನಗೆ ತೋರುತ್ತದೆ. ಉಳುವ ನೆಲವನ್ನು ಹೆಣಕ್ಕೆ ಬಿಟ್ಟುಕೊಡುವಷ್ಟು ಸ್ಥಿತಿವಂತರು ಅಲ್ಲಿ ಯಾವ ಕಾಲದಲ್ಲೂ ಇರಲಿಲ್ಲ. ಬಿಟ್ಟುಕೊಟ್ಟರೂ ಪ್ರತಿ ವರ್ಷ ನೆರೆ ನುಗ್ಗುವ ಜಾಗದಲ್ಲಿ ಹೂತದ್ದು ಉಳಿಯುವುದಿಲ್ಲ.

ಈ ಗೆರೆಯಾಚೆಯ ನೆಲವನ್ನು ಪುರಾತತ್ವಜ್ಞರು ನೋಡುವ ಬಗೆ ನೂರು ವರ್ಷಗಳಲ್ಲಿ ತುಂಬಾ ಬದಲಾಗಿದೆ. ಮೊದಮೊದಲು ಅವರಿಗೆ ಬೇಕಾಗಿದ್ದದ್ದು ಗೋರಿಯೊಳಗಿನ ಸಾಮಾನು. ಆಮೇಲೆ ಗೋರಿಯ ರಚನೆ, ಗೋಡೆಯ ಬರಹ. ಈಗ ಗೋರಿಗಳ ನಡುವೆ ಜನ ನಡೆದಾಡಿದ ದಾರಿ, ದಾರಿಯ ಪಕ್ಕದ ಪುಟ್ಟ ಗುಡಿ, ಆ ಗುಡಿಗೆ ರೊಟ್ಟಿ ಮತ್ತು ಬಿಯರ್ ಒದಗಿಸಿದ ಊರು, ಹಿಂದೆ ನಿಂತ ಬೆಟ್ಟದ ಸೀಳು, ಇವೆಲ್ಲವನ್ನೂ ಒಟ್ಟಿಗೆ ಇಟ್ಟು ಓದುತ್ತಾರೆ. ಇಂಥ ಓದಿಗೆ ಗೀಜಾದ ಪಿರಮಿಡ್ಡುಗಳಾಗಲಿ ಲಕ್ಸರ್‌ನ ರಾಜರ ಕಣಿವೆಯಾಗಲಿ ಒಗ್ಗುವುದಿಲ್ಲ ಎಂದೇನಿಲ್ಲ. ಆದರೆ ಅಲ್ಲಿ ಕಟ್ಟಡದ ಗಾತ್ರ, ಚಿನ್ನದ ಹೊಳಪು ಕಣ್ಣು ಕಟ್ಟಿಬಿಡುತ್ತವೆ. ಅಬೈಡೋಸ್‌ನಲ್ಲಿ ಆ ತೊಂದರೆ ಇಲ್ಲ. ಅಲ್ಲಿನ ಅತಿ ಮುಖ್ಯವಾದ ಸ್ಮಾರಕ ಒಂದು ಖಾಲಿ ಜಾಗ.

ಲಕ್ಸರ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಮೂರು ಗಂಟೆ ಹೋದರೆ ಸೊಹಾಗ್ ಪ್ರಾಂತದ ಬಲ್ಯಾನಾ ಎಂಬ ಪೇಟೆ, ಅಲ್ಲಿಂದ ಪಡುವಣಕ್ಕೆ ಹೊಲಗಳನ್ನು ದಾಟಿದರೆ ಅಬೈಡೋಸ್. ಪ್ರವಾಸಿಗಳಿಗೆ ತೋರಿಸುವುದು ರಾಜ ಒಂದನೆಯ ಸೇತಿ ಕಟ್ಟಿಸಿದ ದೇವಾಲಯವನ್ನು. ಅದರ ಉಬ್ಬುಶಿಲ್ಪಗಳ ನಯ ಈಜಿಪ್ಟಿನಲ್ಲಿ ಬೇರೆಲ್ಲೂ ನನಗೆ ಕಾಣಲಿಲ್ಲ. ಒಂದು ಗೋಡೆಯ ಮೇಲೆ 76 ರಾಜರ ಹೆಸರಿನ ಪಟ್ಟಿ ಇದೆ. ಹಟ್‌ಶೆಪ್ಸುಟ್, ಅಖೆನಾತೆನ್, ಟುಟಾಂಖಾಮನ್ ಅದರಲ್ಲಿ ಇಲ್ಲ, ಬೇಡವಾದವರನ್ನು ಬಿಟ್ಟಿದ್ದಾರೆ. ತೊಲೆಯೊಂದರ ಮೇಲೆ ‘ಹೆಲಿಕಾಪ್ಟರ್’ ಕೂಡ ಇದೆ. ನಾನು ಹೋದ ದಿನ ಎಲ್ಲರ ಮೊಬೈಲ್ ಏಳುತ್ತಿದ್ದದ್ದು ಅದರ ಕಡೆಗೇ. ಸೇತಿಯ ಬಿರುದನ್ನು ಕೆತ್ತಿದ್ದ ಜಾಗಕ್ಕೆ ಗಾರೆ ಮೆತ್ತಿ ಅದರ ಮೇಲೆ ಮಗ ಎರಡನೆಯ ರಾಮ್ಸೆಸ್ ತನ್ನ ಬಿರುದು ಕೆತ್ತಿಸಿದ. ಕಾಲಾಂತರದಲ್ಲಿ ಗಾರೆ ಉದುರಿ ಎರಡೂ ಕೆತ್ತನೆ ಬೆರೆತು ಆ ಆಕಾರ ಆಯಿತು. ಇಷ್ಟು ಹೇಳಿದರೂ ಒಪ್ಪದವರಿದ್ದಾರೆ, ಅವರ ಜೊತೆ ವಾದ ಮಾಡುವ ಉತ್ಸಾಹ ನನಗಿಲ್ಲ.

ದೇವಾಲಯದ ಹಿಂದೆ ಹೋಗಿ ಪಡುವಣಕ್ಕೆ ಮುಖ ಮಾಡಿದರೆ ಬರೀ ಮರಳು ಕಾಣುತ್ತದೆ. ದೂರದಲ್ಲಿ ಸುಣ್ಣದ ಕಲ್ಲಿನ ಬೆಟ್ಟ ಗೋಡೆಯಂತೆ ಅಡ್ಡ ನಿಂತಿದೆ, ನಡುವೆ ಒಂದು ಕಡೆ ಅದು ಸೀಳಿ ಕಣಿವೆಯ ಬಾಯಿ ತೆರೆದುಕೊಂಡಿದೆ. ಆ ಬಾಯಿಯ ಎದುರಿಗೆ, ಹೊಲದ ಅಂಚಿನಿಂದ ಒಂದೂವರೆ ಕಿ.ಮೀ.ನಷ್ಟು ಒಳಗೆ, ಮರಳಿನ ದಿಬ್ಬಗಳು ಕೆಂಪಗೆ ಕಾಣುತ್ತವೆ. ಆ ಕೆಂಪು ಮರಳಿನದಲ್ಲ, ಮಡಕೆ ಚೂರುಗಳದು. ಊರವರು ಅದಕ್ಕೆ ಉಮ್ ಎಲ್ ಕಾಬ್ ಎನ್ನುತ್ತಾರೆ, ಮಡಕೆಗಳ ತಾಯಿ. ಸಾಮಾನ್ಯ ಪ್ರವಾಸಿಯನ್ನು ಅಲ್ಲಿಗೆ ಬಿಡುವುದಿಲ್ಲ. ನಾನು ನೋಡಿದ್ದೂ ದೂರದಿಂದಲೇ. ಅಲ್ಲಿ ಏನಿದೆ ಎಂದು ತಿಳಿದದ್ದು ಊರಿಗೆ ವಾಪಸಾದ ಮೇಲೆ, ಉತ್ಖನನದ ವರದಿಗಳನ್ನು ಓದುತ್ತ ಕೂತಾಗ.

ಈಜಿಪ್ಟನ್ನು ಒಂದು ರಾಜ್ಯವಾಗಿ ಆಳಿದ ಮೊದಲ ರಾಜರನ್ನು ಹೂತಿರುವುದು ಅಲ್ಲಿ. ಅವರಿಗಿಂತ ಹಿಂದಿನವರ ಗೋರಿಗಳೂ ಪಕ್ಕದಲ್ಲೇ ಇವೆ. ಜರ್ಮನ್ ಪುರಾತತ್ವ ಸಂಸ್ಥೆಯ ಗ್ಯುಂಟರ್ ಡ್ರೈಯರ್ 1988ರಲ್ಲಿ ಹೊರತೆಗೆದ ‘ಯು-ಜೆ’ ಎಂಬ ಗೋರಿ ಸುಮಾರು ಕ್ರಿ.ಪೂ. 3200ರದು. ಹಸಿ ಇಟ್ಟಿಗೆಯಲ್ಲಿ ಕಟ್ಟಿದ 12 ಕೋಣೆಗಳು, ರಾಶಿ ರಾಶಿ ದ್ರಾಕ್ಷಾರಸದ ಹೂಜಿಗಳು, ದಂತದ ಒಂದು ರಾಜದಂಡ. ಇವೆಲ್ಲಕ್ಕಿಂತ ಹೆಚ್ಚಾಗಿ ಮೂಳೆ ಮತ್ತು ದಂತದ ಪುಟ್ಟ ಬಿಲ್ಲೆಗಳು, 150ಕ್ಕೂ ಹೆಚ್ಚು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು, ಮೂಲೆಯಲ್ಲಿ ದಾರ ಪೋಣಿಸಲು ತೂತು. ಒಂದರ ಮೇಲೆ ಗೀಟುಗಳು, ಇನ್ನೊಂದರ ಮೇಲೆ ಹಕ್ಕಿ, ಮತ್ತೊಂದರ ಮೇಲೆ ಆನೆ. ಯಾವ ಊರಿನಿಂದ ಬಂದ ಸರಕು, ಎಷ್ಟು ಎಂದು ಗುರುತಿಸಲು ಮೂಟೆಗೆ ಕಟ್ಟಿದ ಚೀಟಿಗಳು ಅವು ಎಂಬುದು ಡ್ರೈಯರ್ ಅವರ ವಿವರಣೆ. ಈಜಿಪ್ಟಿನಲ್ಲಿ ಸಿಕ್ಕಿರುವ ಅತಿ ಹಳೆಯ ಬರವಣಿಗೆಗಳಲ್ಲಿ ಇವೂ ಸೇರಿವೆ. ಅಲ್ಲಿ ಅಕ್ಷರ ಮೊದಲು ದುಡಿದದ್ದು ಸ್ತೋತ್ರಕ್ಕೂ ಅಲ್ಲ, ರಾಜಶಾಸನಕ್ಕೂ ಅಲ್ಲ, ಉಗ್ರಾಣದ ಲೆಕ್ಕಕ್ಕೆ ಎಂದು ಕಂಡಾಗ ನನಗೆ ಒಳಗೊಳಗೇ ಖುಷಿಯಾಯಿತು.

ಆಮೇಲೆ ಮೊದಲ ರಾಜವಂಶ: ಅಹಾ, ಜೆರ್, ಜೆಟ್, ಡೆನ್. ಇವರ ಸಾಲಿನಲ್ಲೇ ಮೆರ್‌ನೀತ್ ಎಂಬ ಹೆಂಗಸಿನ ಗೋರಿಯೂ ಇದೆ. ಗೋರಿಯ ಗಾತ್ರ ನೋಡಿ ಇವನೊಬ್ಬ ರಾಜನಿರಬೇಕು ಎಂದೇ ಮೊದಲು ಅಗೆದವರು ಅಂದುಕೊಂಡಿದ್ದರು. ಡೆನ್‌ನ ಗೋರಿಯಲ್ಲಿ ಸಿಕ್ಕ ಮುದ್ರೆಯ ಗುರುತಿನಲ್ಲಿ ರಾಜರ ಹೆಸರುಗಳ ಜೊತೆ ರಾಜಮಾತೆ ಎಂದು ಅವಳ ಹೆಸರೂ ಇದೆ. ಈ ಗೋರಿಗಳ ಸುತ್ತ ಸಣ್ಣ ಗುಂಡಿಗಳ ಸಾಲುಗಳಿವೆ. ಜೆರ್‌ನ ಸುತ್ತ 300ಕ್ಕೂ ಹೆಚ್ಚು. ಪರಿಚಾರಕರು, ಹೆಂಗಸರು, ಕುಬ್ಜರು, ನಾಯಿಗಳು. ಅಹಾನ ಗೋರಿಯ ಬಳಿ ಸಿಂಹದ ಮರಿಗಳ ಮೂಳೆಗಳೂ ಸಿಕ್ಕಿವೆ. ಕೆಲವು ಸಾಲುಗಳಲ್ಲಿ ಎಲ್ಲ ಗುಂಡಿಗಳ ಮೇಲೂ ಒಂದೇ ಹೊತ್ತಿನಲ್ಲಿ ಚಾವಣಿ ಹಾಕಿದ ಗುರುತಿದೆ. ಅಂದರೆ ಎಲ್ಲರೂ ಒಂದೇ ದಿನ ಹೋದವರು. ಅಹಾನ ಜೊತೆಗಾರರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಗಂಡಸರು. ರಾಜನ ಹಿಂದೆ ಇವರನ್ನು ಕೊಂದು ಹೂತರು ಎಂಬುದನ್ನು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಮೊದಲ ವಂಶದ ಕೊನೆಗೆ ಈ ಪದ್ಧತಿ ನಿಂತುಹೋಯಿತು. ಏಕೆ ನಿಂತಿತು ಎಂದು ಯಾರೂ ಬರೆದಿಟ್ಟಿಲ್ಲ; ಏಕೆ ಶುರುವಾಯಿತು ಎಂದೂ ಬರೆದಿಟ್ಟಿಲ್ಲ.

ಇಷ್ಟೆಲ್ಲ ಹೊರಬಂದ ಬಗೆ ಮಾತ್ರ ಹೊಟ್ಟೆ ಉರಿಸುತ್ತದೆ. 1895ರಿಂದ ನಾಲ್ಕು ವರ್ಷ ಎಮಿಲ್ ಅಮೆಲಿನೋ ಎಂಬ ಫ್ರೆಂಚ್ ವಿದ್ವಾಂಸ ಇಲ್ಲಿ ಅಗೆಸಿದ. ಚೆನ್ನಾಗಿ ಕಂಡದ್ದನ್ನು ಎತ್ತಿಕೊಂಡು ಉಳಿದದ್ದನ್ನು ಕಸದಂತೆ ರಾಶಿ ಹಾಕಿದ. 1899ರಲ್ಲಿ ಬಂದ ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಆ ಕಸದಿಂದಲೇ ಮೊದಲ ರಾಜವಂಶದ ಚರಿತ್ರೆಯನ್ನು ಕಟ್ಟಿದ. ಪೆಟ್ರಿಯ ಗುಣ ಅದು. ಚಿನ್ನ ಸಿಕ್ಕರೆ ಸಂತೋಷವೇ, ಆದರೆ ಅವನ ಕಣ್ಣು ಬೀಳುತ್ತಿದ್ದದ್ದು ಬೇರೆಯವರು ಒದ್ದು ದಾಟುವ ಮಡಕೆಯ ಚೂರಿನ ಮೇಲೆ. ಮಡಕೆಯ ಹಿಡಿಕೆ, ಅಂಚು, ಆಕಾರ ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತದೆ ಎಂದು ಜೋಡಿಸಿ, ಬರವಣಿಗೆ ಇಲ್ಲದ ಕಾಲದ ಗೋರಿಗಳನ್ನೂ ಮುಂಚಿನದು, ಆಮೇಲಿನದು ಎಂದು ಸಾಲಾಗಿ ನಿಲ್ಲಿಸುವ ಕ್ರಮವನ್ನು ಅವನು ಅದೇ ವರ್ಷಗಳಲ್ಲಿ ರೂಪಿಸಿದ.

ಅವನ ಕೆಲಸಗಾರರಿಗೆ ಜೆರ್‌ನ ಗೋರಿಯ ಗೋಡೆಯ ತೂತೊಂದರಲ್ಲಿ ಬಟ್ಟೆ ಸುತ್ತಿದ ಒಂದು ತೋಳು ಸಿಕ್ಕಿತು. ಯಾವ ಕಾಲದ ಕಳ್ಳನೋ ಹೆಣದಿಂದ ತೋಳು ಮುರಿದು, ಆಮೇಲೆ ಬಂದು ಒಯ್ಯೋಣ ಎಂದು ಅಲ್ಲಿ ತುರುಕಿ, ಮತ್ತೆ ಬಾರದೆ ಹೋಗಿದ್ದ. ಅಮೆಲಿನೋ ಕಡೆಯವರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಬಟ್ಟೆಯ ಸಂದಿಯಿಂದ ಚಿನ್ನ ಇಣುಕುತ್ತಿದ್ದರೂ ಕೆಲಸಗಾರರು ಬಿಚ್ಚದೆ ತಂದು ಒಪ್ಪಿಸಿದರು. ಒಳಗೆ ನಾಲ್ಕು ಬಳೆಗಳು: ಚಿನ್ನ, ಪಚ್ಚೆನೀಲಿ ಬಣ್ಣದ ಟರ್ಕಾಯ್ಸ್ ಕಲ್ಲು, ಗಾಢ ನೀಲಿಯ ಲಾಜವರ್ದ, ನೇರಳೆ ಸ್ಫಟಿಕ. ಒಂದು ಬಳೆಯ ತುಂಬ ಅರಮನೆಯ ಮುಂಬಾಗಿಲಿನ ಆಕಾರದ ಬಿಲ್ಲೆಗಳು, ಒಂದು ಚಿನ್ನದ್ದಾದರೆ ಪಕ್ಕದ್ದು ಕಲ್ಲಿನದು, ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಗಿಡುಗ. ಪೆಟ್ರಿ ಎಲ್ಲರ ಎದುರಿಗೆ ಚಿನ್ನವನ್ನು ಸವರನ್ ನಾಣ್ಯಗಳ ಎದುರು ತೂಗಿ, ಆ ತೂಕದ ಹಣವನ್ನು ಸಿಕ್ಕವರಿಗೆ ಕೊಟ್ಟ. ಹಾಗೆ ಕೊಡದಿದ್ದರೆ ಮುಂದಿನ ವಸ್ತು ನೇರವಾಗಿ ವ್ಯಾಪಾರಿಯ ಅಂಗಡಿಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ತೋಳು, ಬಟ್ಟೆ, ಬಳೆ ಎಲ್ಲವೂ ಕೈರೋ ವಸ್ತುಸಂಗ್ರಹಾಲಯಕ್ಕೆ ಹೋದವು. ಅಲ್ಲಿನ ಅಧಿಕಾರಿ ಎಮಿಲ್ ಬ್ರುಗ್ಷ್ ಬಳೆಗಳನ್ನು ಪ್ರದರ್ಶನಕ್ಕೆ ಇಟ್ಟುಕೊಂಡು ತೋಳನ್ನೂ ಬಟ್ಟೆಯನ್ನೂ ಬಿಸಾಡಿದ. ಮೊದಲ ರಾಜವಂಶದ ರಾಜನದೋ ರಾಣಿಯದೋ ಆಗಿರಬಹುದಾಗಿದ್ದ ಮೈಯ ಒಂದು ತುಂಡು, ಐದು ಸಾವಿರ ವರ್ಷ ಕಳ್ಳರಿಂದ ತಪ್ಪಿಸಿಕೊಂಡು, ಸಂಗ್ರಹಾಲಯದ ಕಸದ ಬುಟ್ಟಿಯಲ್ಲಿ ಮುಗಿಯಿತು. ವಸ್ತುಸಂಗ್ರಹಾಲಯ ಅಪಾಯಕಾರಿ ಜಾಗ ಎಂದು ಪೆಟ್ರಿ ಬರೆದುಕೊಂಡ. ಬಳೆಗಳು ಮಾತ್ರ ಈಗಲೂ ಹೊಳೆಯುತ್ತಿವೆ.

ಈ ರಾಜರಿಗೆ ಗೋರಿಯೊಂದೇ ಸಾಕಾಗುತ್ತಿರಲಿಲ್ಲ. ಗೋರಿ ಒಳಗಡೆ ಕಣಿವೆಯ ಬಾಯಿಯ ಬಳಿಯಾದರೆ, ಹೊಲದ ಅಂಚಿನಲ್ಲಿ ಊರಿನ ಹತ್ತಿರ ಪ್ರತಿಯೊಬ್ಬನಿಗೂ ಇಟ್ಟಿಗೆಯ ದೊಡ್ಡ ಆವರಣವೊಂದನ್ನು ಕಟ್ಟುತ್ತಿದ್ದರು. ಎರಡನೆಯ ವಂಶದ ಖಾಸೆಖೆಮ್ವಿಯ ಆವರಣ ಇನ್ನೂ ನಿಂತಿದೆ, ಶೂನೆತ್ ಎಲ್ ಜಬೀಬ್ ಎಂದು ಅದರ ಹೆಸರು. ಹಸಿ ಇಟ್ಟಿಗೆಯ ಗೋಡೆ ಐದು ಮೀಟರ್ ದಪ್ಪ, ಕೆಲವೆಡೆ ಈಗಲೂ ಹತ್ತು ಮೀಟರ್‌ಗೂ ಎತ್ತರ. ವಯಸ್ಸು 4,700 ವರ್ಷ. ಸುಡದ ಇಟ್ಟಿಗೆ ಇಷ್ಟು ಕಾಲ ಬಾಳಿದ್ದಕ್ಕೆ ಮಳೆ ಇಲ್ಲದ ಹವೆಯೇ ಕಾರಣ. ಮುಂದಿನ ಕಾಲದವರು ಇದರೊಳಗೆ ಐಬಿಸ್ ಹಕ್ಕಿಗಳ ಮಮ್ಮಿಗಳನ್ನು ಮಡಕೆಗಳಲ್ಲಿ ತುಂಬಿ ಹೂತರು, ಕ್ರೈಸ್ತ ಸನ್ಯಾಸಿಗಳು ಗೋಡೆಯನ್ನೇ ಕೊರೆದು ಗುಹೆ ಮಾಡಿಕೊಂಡು ಕೂತರು. ಗೋಡೆ ಸಡಿಲವಾಗಲು ಈ ಕೊರೆತಗಳೂ ಕಾರಣ. ಅವನ್ನೆಲ್ಲ ಹೊಸ ಹಸಿ ಇಟ್ಟಿಗೆಯಿಂದ ತುಂಬಿ ಗೋಡೆಯನ್ನು ಬಲಪಡಿಸುವ ಕೆಲಸ ಇತ್ತೀಚಿನ ದಶಕಗಳಲ್ಲಿ ನಡೆದಿದೆ.

ಇದರ ಪಕ್ಕದಲ್ಲಿ 1991ರಲ್ಲಿ ಪುರಾತತ್ವಜ್ಞ ಡೇವಿಡ್ ಒ’ಕಾನರ್ ಅವರ ತಂಡಕ್ಕೆ ದೋಣಿಗಳು ಸಿಕ್ಕವು. ನೈಲ್‌ನಿಂದ ಹತ್ತು ಕಿ.ಮೀ. ಆಚೆ, ಮರಳಿನಲ್ಲಿ, ಸಾಲಾಗಿ ಹದಿನಾಲ್ಕು. ಒಂದೊಂದೂ ಸುಮಾರು 20 ಮೀಟರ್ ಉದ್ದ, ಮೊಳೆಯಿಲ್ಲದೆ ಹಲಗೆಗೆ ಹಲಗೆಯನ್ನು ಹಗ್ಗದಿಂದ ಬಿಗಿದು ಹೊಲಿದು, ಸಂದಿಗೆ ಜೊಂಡು ತುರುಕಿ ಮಾಡಿದವು. ಪ್ರತಿ ದೋಣಿಯ ಸುತ್ತಲೂ ದೋಣಿಯ ಆಕಾರದಲ್ಲೇ ಇಟ್ಟಿಗೆ ಕಟ್ಟಿ, ಬಿಳಿ ಬಳಿದಿದ್ದರು. ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುವ ದೋಣಿಗಳ ಸಾಲು ಮರಳಿನಲ್ಲಿ ಲಂಗರು ಹಾಕಿ ನಿಂತ ಹಾಗೆ ದೂರದ ಹೊಲದಿಂದಲೂ ಕಾಣುತ್ತಿದ್ದಿರಬೇಕು. ಇವು ಮೊದಲ ವಂಶದ ಕಾಲದವು ಎಂದು ಅಗೆದವರ ಅಭಿಪ್ರಾಯ.

2021ರ ಫೆಬ್ರುವರಿಯಲ್ಲಿ ಸುದ್ದಿಯಾದ ಬಿಯರ್ ಭಟ್ಟಿಯೂ ಇದೇ ಕಾಲದ್ದು, ಮೊದಲ ರಾಜರಲ್ಲೊಬ್ಬನಾದ ನಾರ್ಮರ್‌ನ ಆಳ್ವಿಕೆಯದು ಎನ್ನುತ್ತಾರೆ. ಎಂಟು ಸಾಲು ಒಲೆಗಳು, ಒಂದೊಂದು ಸಾಲು 20 ಮೀಟರ್ ಉದ್ದ, ಅದರಲ್ಲಿ ಎರಡು ವರಸೆಯಲ್ಲಿ 40ರಷ್ಟು ಮಣ್ಣಿನ ಬಾನಿಗಳು; ಒಂದು ಸಲಕ್ಕೆ 22,400 ಲೀಟರ್ ಇಳಿಸಬಹುದಾಗಿತ್ತು ಎಂದು ಅಂದಾಜು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ತಂಡ ಇಂಥ ಒಲೆಗಳನ್ನು ಕಂಡು ಕಾಳು ಹುರಿಯುವವು ಅಂದುಕೊಂಡಿತ್ತು. ಪತ್ರಿಕೆಗಳು ‘ಜಗತ್ತಿನ ಅತಿ ಹಳೆಯ ಬಿಯರ್ ಕಾರ್ಖಾನೆ’ ಎಂದು ನಗುನಗುತ್ತ ಬರೆದವು. ನನಗೆ ಅದಕ್ಕಿಂತ ಅಲ್ಲಿನ ಬೇಡಿಕೆ ಕುತೂಹಲ ಹುಟ್ಟಿಸಿತು. ಇಷ್ಟು ಬಿಯರ್ ಬೇಕಾಗಿದ್ದದ್ದು ರಾಜರ ಅಂತ್ಯಕ್ರಿಯೆಗೆ, ಆವರಣಗಳಲ್ಲಿ ನಡೆಯುತ್ತಿದ್ದ ವಿಧಿಗಳಿಗೆ. ಅದರ ಹಿಂದೆ ಎಷ್ಟು ಹೊಲ, ಎಷ್ಟು ಧಾನ್ಯ, ಎಷ್ಟು ಸೌದೆ, ಎಷ್ಟು ಜನ. ಸಾವಿನ ಖರ್ಚೇ ಒಂದು ರಾಜ್ಯದ ಆಡಳಿತವನ್ನು ಕಲಿಸಿರಬಹುದು.

ಇಲ್ಲಿಂದ ಒಂದು ಸಾವಿರ ವರ್ಷ ದಾಟಿದರೆ ಕಥೆ ತಿರುವು ಪಡೆಯುತ್ತದೆ. ಕ್ರಿ.ಪೂ. 2000ದ ಸುಮಾರಿಗೆ ಒಸೈರಿಸ್ ಸತ್ತವರ ದೊಡ್ಡ ದೇವರಾಗಿದ್ದ. ತಮ್ಮ ಸೇತ್ ಕೊಂದು ಹಾಕಿದವನು, ಹೆಂಡತಿ ಐಸಿಸ್ ಮತ್ತೆ ಜೀವ ತುಂಬಿದವಳು. ಕೊಲೆಯಾದ ದೇವರಿಗೆ ಎಲ್ಲೋ ಒಂದು ಗೋರಿ ಇರಲೇಬೇಕಲ್ಲ. ಉಮ್ ಎಲ್ ಕಾಬ್‌ನ ಹಳೆಯ ಗೋರಿಗಳಲ್ಲಿ ಒಂದನ್ನು ಅದೇ ಎಂದು ಗುರುತಿಸಿದರು. ಅದು ಜೆರ್‌ನ ಗೋರಿ. ಅಷ್ಟರಲ್ಲಿ ಅದು ಲೂಟಿಯಾಗಿತ್ತು, ಒಳಗಿನ ಮರವೆಲ್ಲ ಸುಟ್ಟುಹೋಗಿತ್ತು. ಮಧ್ಯ ಸಾಮ್ರಾಜ್ಯ ಎಂದು ಕರೆಯುವ ಆ ಕಾಲದ ಜನ ಅದರ ಮರಳು ತೆಗೆಸಿ, ಒಳಗೆ ಇಳಿಯಲು ಮೆಟ್ಟಿಲು ಕಟ್ಟಿಸಿದರು. ತಮ್ಮದೇ ನಾಡಿನ ಸಾವಿರ ವರ್ಷ ಹಳೆಯ ಗೋರಿಯನ್ನು ಹುಡುಕಿ ಅಗೆದು ದುರಸ್ತಿ ಮಾಡಿದ ಇವರನ್ನು ಅಬೈಡೋಸ್‌ನ ಮೊದಲ ಉತ್ಖನನಕಾರರು ಎನ್ನಲು ಅಡ್ಡಿಯಿಲ್ಲ. ಅಮೆಲಿನೋಗೆ ಆ ಗೋರಿಯಲ್ಲಿ ಕಪ್ಪು ಕಲ್ಲಿನ ಒಂದು ಮಂಚ ಸಿಕ್ಕಿತು: ಸಿಂಹದ ಮುಖದ ಮಂಚದ ಮೇಲೆ ಮಲಗಿದ ಒಸೈರಿಸ್, ಅವನ ಮೇಲೆ ಹಕ್ಕಿಯ ರೂಪದಲ್ಲಿ ಐಸಿಸ್. ಅದನ್ನು ಕಂಡು ತನಗೆ ಒಸೈರಿಸ್‌ನ ನಿಜವಾದ ಗೋರಿಯೇ ಸಿಕ್ಕಿತೆಂದು ಅವನು ನಂಬಿದ. ಮಂಚ ಮಾತ್ರ ಜೆರ್ ಸತ್ತು ಸಾವಿರಕ್ಕೂ ಹೆಚ್ಚು ವರ್ಷಗಳಾದ ಮೇಲೆ ಮಾಡಿಸಿಟ್ಟದ್ದು.

ವರ್ಷಕ್ಕೊಮ್ಮೆ, ನೆರೆ ಏರುವ ಕಾಲದಲ್ಲಿ, ಊರ ಬಳಿಯ ದೇವಾಲಯದಿಂದ ಒಸೈರಿಸ್‌ನ ಮೂರ್ತಿ ನೆಶ್ಮೆತ್ ಎಂಬ ದೋಣಿಯಲ್ಲಿ ಹೊರಡುತ್ತಿತ್ತು. ಹೆಗಲ ಮೇಲೆ ಹೊತ್ತು ನಡೆಯುವ ದೋಣಿ. ಕ್ರಿ.ಪೂ. 19ನೇ ಶತಮಾನದಲ್ಲಿ ಮೂರನೆಯ ಸೆನ್‌ವೊಸ್ರೆತ್ ತನ್ನ ಖಜಾನೆಯ ಅಧಿಕಾರಿ ಇಖೆರ್‌ನೊಫ್ರೆತ್‌ನನ್ನು ಈ ಉತ್ಸವಕ್ಕೆ ಕಳಿಸಿದ. ಅವನು ತಾನು ಮಾಡಿದ್ದನ್ನೆಲ್ಲ ಕಲ್ಲಿನ ಮೇಲೆ ಬರೆಸಿದ್ದಾನೆ; ಆ ಕಲ್ಲು ಈಗ ಬರ್ಲಿನ್‌ನಲ್ಲಿದೆ. ಮೂರ್ತಿಗೆ ಚಿನ್ನ ರತ್ನಗಳ ಅಲಂಕಾರ ಮಾಡಿಸಿದೆ, ಮುಂದೆ ದಾರಿ ಬಿಡಿಸುವ ವೆಪ್ವಾವೆತ್ ದೇವರ ಮೆರವಣಿಗೆ ನಡೆಸಿದೆ, ದೋಣಿಯ ಮೇಲೆ ಬಿದ್ದವರನ್ನು ಹೊಡೆದಟ್ಟಿದೆ, ಪೆಕೆರ್‌ನಲ್ಲಿರುವ (ಉಮ್ ಎಲ್ ಕಾಬ್‌ಗೆ ಅಂದಿನ ಹೆಸರು) ಗೋರಿಯವರೆಗೆ ದೇವರ ದಾರಿ ತೆರವು ಮಾಡಿದೆ, ಮರಳಿ ಗುಡಿಗೆ ಕರೆತಂದೆ. ದೇವರ ಕೊಲೆಯನ್ನು ಮಾತ್ರ ಅವನು ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಬರೆದರೆ ಮತ್ತೆ ನಡೆದೀತು ಎಂಬ ಅಂಜಿಕೆ.

ಮೆರವಣಿಗೆ ಹೋಗುತ್ತಿದ್ದದ್ದು ಊರಿನಿಂದ ಉಮ್ ಎಲ್ ಕಾಬ್‌ವರೆಗೆ ಚಾಚಿದ ತಗ್ಗಾದ ಕಣಿವೆಯಲ್ಲಿ. ಎರಡೂ ಕಡೆ ಗೋರಿಗಳು ಒತ್ತೊತ್ತಾಗಿ ಬೆಳೆದವು. ಕಣಿವೆಯ ಒಳಗೆ ಬಹುಮಟ್ಟಿಗೆ ಯಾವುದೂ ಇಲ್ಲ. ಇದು ತಾನಾಗಿ ಆದದ್ದಲ್ಲ. 13ನೇ ವಂಶದ ಕಾಲದ ಗಡಿಕಲ್ಲೊಂದು ಸಿಕ್ಕಿದೆ, ಮೊದಲು ಬೇರೊಬ್ಬ ರಾಜ ಹಾಕಿಸಿದ್ದನ್ನು ನೆಫರ್‌ಹೋಟೆಪ್ ತನ್ನ ಹೆಸರಿಗೆ ಮಾಡಿಕೊಂಡದ್ದು. ಈ ಕಲ್ಲುಗಳ ನಡುವಿನ ನೆಲ ಪವಿತ್ರ, ಕೆಲಸದ ಮೇಲಿರುವ ಪೂಜಾರಿಯ ಹೊರತು ಯಾರು ಒಳಗೆ ಕಂಡರೂ ಸುಡಬೇಕು, ಯಾವ ಅಧಿಕಾರಿ ಇಲ್ಲಿ ಗೋರಿ ಮಾಡಿಕೊಂಡರೂ ಅವನಿಗೂ ಇದೇ ಕಾನೂನು ಎಂದು ಅದರ ಒಕ್ಕಣೆ. ಇಷ್ಟು ಕಟುವಾಗಿ ಬರೆಸಬೇಕಾದರೆ ಒತ್ತುವರಿ ಆಗಲೇ ಶುರುವಾಗಿತ್ತು ಎಂದೇ ಅರ್ಥ. ನಮ್ಮ ಜಾತ್ರೆಯ ಊರುಗಳಲ್ಲಿ ತೇರು ಎಳೆಯುವ ಬೀದಿಗೆ ಜಗಲಿ ಚಾಚಲು ಬಿಡುವುದಿಲ್ಲ, ಹಾಗೆಯೇ ಆ ಬೀದಿಯಲ್ಲಿ ಮನೆ ಇದ್ದವರ ಗತ್ತೇ ಬೇರೆ. ಇಲ್ಲೂ ಅದೇ ಆಯಿತು. ಕಣಿವೆಯೊಳಗೆ ಬಿಡದಿದ್ದರೆ ಅಂಚಿನಲ್ಲಾದರೂ ಜಾಗ ಸಿಗಲಿ ಎಂದು ದೇಶದ ಮೂಲೆಮೂಲೆಯಿಂದ ಜನ ಬಂದರು.

ಅವರು ಕಟ್ಟಿಕೊಂಡದ್ದು ಹಸಿ ಇಟ್ಟಿಗೆಯ ಪುಟ್ಟ ಗುಡಿಗಳನ್ನು. ಕೆಲವು ಮನುಷ್ಯ ಬಗ್ಗಿ ನುಸುಳಬೇಕಾದಷ್ಟು ಚಿಕ್ಕವು, ಬಿಳಿ ಬಳಿದ ಕಮಾನು ಚಾವಣಿ, ಒಳಗೊಂದು ಬರೆದ ಕಲ್ಲು. ಎಷ್ಟೋ ಗುಡಿಗಳ ಕೆಳಗೆ ಹೆಣವೇ ಇಲ್ಲ. ಮನೆಯವರು ತಮ್ಮೂರಲ್ಲೇ ಹೂತು, ಇಲ್ಲಿ ಹೆಸರಿಗೆ ಮಾತ್ರ ಒಂದು ಜಾಗ ಮಾಡಿಸುತ್ತಿದ್ದರು. ದೇವರು ದಾಟಿಹೋಗುವಾಗ ಧೂಪದ ಪರಿಮಳ ತನಗೂ ತಾಗಲಿ ಎಂದು ಕಲ್ಲುಗಳ ಮೇಲೆ ಬರೆದಿದೆ. ದಾರಿಹೋಕರಿಗೆ ಒಂದು ಬೇಡಿಕೆಯೂ ಇರುತ್ತದೆ. ಭೂಮಿಯ ಮೇಲೆ ಬದುಕಿರುವವರೇ, ಈ ಕಡೆಯಿಂದ ಹಾದುಹೋಗುವವರೇ, ಇಂಥವನಿಗೆ ಸಾವಿರ ರೊಟ್ಟಿ, ಸಾವಿರ ಬಿಯರ್, ಸಾವಿರ ಎತ್ತು, ಸಾವಿರ ಹಕ್ಕಿ ಎಂದು ಹೇಳಿ. ಕೊಡಬೇಕಾಗಿಲ್ಲ, ಹೇಳಿದರೆ ಸಾಕು. ಬಾಯಿಯ ಉಸಿರಿಗೆ ಆಯಾಸವಿಲ್ಲ ಎಂದು ಕೆಲವರು ಸೇರಿಸುತ್ತಾರೆ. ಸತ್ತವರ ಈ ವ್ಯವಹಾರಜ್ಞಾನ ನನಗೆ ತುಂಬಾ ಇಷ್ಟ.

1858ರಿಂದಾಚೆಗೆ ಫ್ರೆಂಚ್ ಪುರಾತತ್ವಜ್ಞ ಓಗುಸ್ತ್ ಮರಿಯೆತ್‌ನ ಕೆಲಸಗಾರರು ಈ ಕಲ್ಲುಗಳನ್ನು ನೂರಾರು ಸಂಖ್ಯೆಯಲ್ಲಿ ಕಿತ್ತರು. ಯಾವ ಕಲ್ಲು ಯಾವ ಗುಡಿಯದು, ಯಾರ ಪಕ್ಕ ಯಾರು ಇದ್ದರು ಎಂದು ಬರೆದಿಡಲಿಲ್ಲ. ಕೆಲವು ಕೈರೋದಲ್ಲಿ, ಕೆಲವು ಯುರೋಪಿನ ಊರೂರುಗಳಲ್ಲಿ. ಒಂದೇ ಮನೆಯ ಅಪ್ಪ ಒಂದು ದೇಶದಲ್ಲಿ, ಮಗ ಇನ್ನೊಂದು ದೇಶದಲ್ಲಿ. ಬರಹದಲ್ಲಿನ ಹೆಸರು ಸಂಬಂಧಗಳನ್ನು ನೋಡಿ ವಿದ್ವಾಂಸರು ಕಾಗದದ ಮೇಲೆ ಕುಟುಂಬಗಳನ್ನು ಮತ್ತೆ ಕೂಡಿಸಿದ್ದಾರೆ. 1960ರ ದಶಕದ ಕೊನೆಯಲ್ಲಿ ಒ’ಕಾನರ್ ಅಗೆದಾಗ, ರಾಮ್ಸೆಸ್ ಕಾಲದ ಕಟ್ಟಡವೊಂದರ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಗುಡಿಗಳ ಬುಡ ಇದ್ದ ಹಾಗೇ ಸಿಕ್ಕಿತು. ಕಲ್ಲುಗಳು ಹೋಗಿದ್ದವು, ಓಣಿ ಉಳಿದಿತ್ತು.

ಇನ್ನು ಮಡಕೆಗಳು. ಉತ್ಸವಕ್ಕೆ ಬಂದವರು ಒಸೈರಿಸ್‌ನ ಗೋರಿಯ ಬಳಿ ಮಡಕೆ ಇಟ್ಟು ಹೋಗುತ್ತಿದ್ದರು. ಒಂದೂವರೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಇಟ್ಟರು. ಲಕ್ಷಗಟ್ಟಲೆ ಮಡಕೆಗಳು ಒಂದರ ಮೇಲೊಂದು ಬಿದ್ದು ರಾಜರ ಗೋರಿಗಳನ್ನೇ ಮುಚ್ಚಿಬಿಟ್ಟವು. ಹೆಚ್ಚಿನವು ಅಂಗೈಯಗಲದ ಬಟ್ಟಲುಗಳು, ನೈಲ್‌ನ ಮೆಕ್ಕಲು ಮಣ್ಣಿನವು. ಒಂದು ಬಟ್ಟಲಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ತಿಗರಿಯಿಂದ ದಾರದಲ್ಲಿ ಕೊಯ್ದ ಸುರುಳಿ ಗುರುತು ತಳದಲ್ಲಿ ಹಾಗೇ ಇದೆ. ನಯ ಮಾಡುವ ಪುರುಸೊತ್ತು ಕುಂಬಾರನಿಗೆ ಇರಲಿಲ್ಲ. ಅಂಚು ಒಂದು ಕಡೆ ವಾಲಿದೆ, ಹಸಿಯಿದ್ದಾಗಲೇ ಎತ್ತಿಟ್ಟ ಬೆರಳಿನ ಒತ್ತು ಹೊರಮೈಯಲ್ಲಿ ಉಳಿದಿದೆ. ಜಾತ್ರೆಗೆ ರಾಶಿ ಮಾಡಿ ಕಡಿಮೆ ಬೆಲೆಗೆ ಮಾರಿದ ಸರಕು ಎಂಬುದು ನೋಡಿದರೇ ತಿಳಿಯುತ್ತದೆ. ಕಲ್ಲು ಬರೆಸಲು ಅಧಿಕಾರಿಗೆ ಮಾತ್ರ ಸಾಧ್ಯವಿತ್ತು, ಈ ಬಟ್ಟಲನ್ನು ಯಾರು ಬೇಕಾದರೂ ಕೊಳ್ಳಬಹುದಾಗಿತ್ತು. ಅಬೈಡೋಸ್‌ಗೆ ಬಂದ ಸಾಮಾನ್ಯರ ಸಹಿ ಎಂದರೆ ಇದೇ, ಹೆಸರಿಲ್ಲದ ಸಹಿ. ಜರ್ಮನ್ ತಂಡ 1977ರಿಂದ ಪೆಟ್ರಿ, ಅಮೆಲಿನೋ ಹಾಕಿದ ಮಣ್ಣಿನ ರಾಶಿಗಳನ್ನೇ ಮತ್ತೆ ಜರಡಿ ಹಿಡಿಯುತ್ತ ಬಂದಿದೆ. ಈ ಬಟ್ಟಲುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವ ಕೆಲಸಕ್ಕೆ ಕೆಲವು ವಿದ್ವಾಂಸರು ವರ್ಷಗಳನ್ನೇ ಕೊಟ್ಟಿದ್ದಾರೆ. ಅಂಥವರ ಬಗ್ಗೆ ಸಾಕ್ಷ್ಯಚಿತ್ರ ಬರುವುದಿಲ್ಲ.

ದೊಡ್ಡವರೂ ಬಿಡಲಿಲ್ಲ. ಕಣಿವೆಯ ದಕ್ಷಿಣಕ್ಕೆ, ಬೆಟ್ಟದ ಬುಡದಲ್ಲಿ ಮೂರನೆಯ ಸೆನ್‌ವೊಸ್ರೆತ್ ನೆಲದೊಳಗೆ ಬಹು ಉದ್ದದ ಗೋರಿ ಕೊರೆಸಿದ. ಅದರ ನೆರೆಯಲ್ಲೇ 2014ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋಸೆಫ್ ವೆಗ್ನರ್ ತಂಡಕ್ಕೆ ಸೆನೆಬ್‌ಕಾಯ್ ಎಂಬ ರಾಜ ಸಿಕ್ಕ. ಅದುವರೆಗೆ ಈ ಹೆಸರಿನ ರಾಜ ಇದ್ದನೆಂದೇ ಚರಿತ್ರೆಗೆ ಗೊತ್ತಿರಲಿಲ್ಲ. ಎಲುಬುಗಳ ಮೇಲೆ 18 ಗಾಯ; ಪಾದ, ಹರಡು, ಬೆನ್ನಿನ ಕೆಳಭಾಗ, ಕೊನೆಗೆ ತಲೆ. ಎತ್ತರದಲ್ಲಿ ಕೂತಿದ್ದವನನ್ನು ಕೆಳಗಿನಿಂದ ಹೊಡೆದು ಬೀಳಿಸಿ ಕೊಂದ ಹಾಗಿದೆ. ಹೆಣದಿಂದ ತೆಗೆದ ಕರುಳು, ಒಳ ಅಂಗಗಳನ್ನು ಇಡುವ ಅವನ ಪೆಟ್ಟಿಗೆ ಹಳೆಯ ರಾಜ ಸೊಬೆಕ್‌ಹೋಟೆಪ್‌ನ ಗೋರಿಯಿಂದ ತಂದ ಹಲಗೆಯದು. ಮೇಲೆ ಬಳಿದ ಚಿನ್ನದ ಅಡಿಯಿಂದ ಹಳೆಯ ಹೆಸರು ಇಣುಕುತ್ತಿತ್ತು. ಯುದ್ಧದಲ್ಲಿ ಸತ್ತ ರಾಜನಿಗೂ ಕದ್ದ ಮರವೇ ಗತಿಯಾಗಿತ್ತು.

ಅವನ ನಂತರ ನೂರು ವರ್ಷದೊಳಗೆ ಅಹ್ಮೋಸ್ ಬಂದ. ಈಜಿಪ್ಟಿನ ರಾಜರು ಕಟ್ಟಿದ ಕೊನೆಯ ಪಿರಮಿಡ್ ಅವನದು, ಅಬೈಡೋಸ್‌ನಲ್ಲೇ ಇದೆ, ಈಗ ಹತ್ತು ಮೀಟರ್ ಎತ್ತರದ ಗುಡ್ಡೆಯಾಗಿದೆ. ಅವನ ಅಜ್ಜಿ ಟೆಟಿಶೇರಿಗೆ ಕಟ್ಟಿದ ಗುಡಿಯಲ್ಲಿ ಒಂದು ಕಲ್ಲು ಸಿಕ್ಕಿತು. ಅದರ ಬರಹದಲ್ಲಿ ರಾಜ ರಾಣಿ ಇಬ್ಬರೂ ಕೂತು, ಸತ್ತವರಿಗೆ ಏನು ಮಾಡಿದರೆ ಒಳ್ಳೆಯದು ಎಂದು ಮಾತಾಡುತ್ತಿದ್ದಾರೆ. ಈ ಮಾತು ಈಗ ಯಾಕೆ ಬಂತು, ನಿಮ್ಮ ಮನಸ್ಸಿಗೆ ಏನು ಹೊಳೆಯಿತು ಎಂದು ರಾಣಿ ಕೇಳುತ್ತಾಳೆ. ನನಗೆ ಅಜ್ಜಿಯ ನೆನಪಾಯಿತು, ಅಮ್ಮನಿಗೂ ಅಮ್ಮ, ಅಪ್ಪನಿಗೂ ಅಮ್ಮ. ಅವಳಿಗೆ ಥೀಬ್ಸ್‌ನಲ್ಲಿ ಗೋರಿ ಇದೆ, ಅಬೈಡೋಸ್‌ನಲ್ಲೂ ಒಂದು ನೆನಪಿನ ಗುಡಿ ಇದೆ, ಆದರೂ ನಾನೊಂದು ಪಿರಮಿಡ್ ಕಟ್ಟಿಸಬೇಕು, ಕೊಳ ತೋಡಿಸಬೇಕು, ಮರ ನೆಡಿಸಬೇಕು ಎನ್ನುತ್ತಾನೆ. ಉತ್ತರ ಈಜಿಪ್ಟನ್ನು ಆಳುತ್ತಿದ್ದ ಹೊರನಾಡಿನ ಹಿಕ್ಸೋಸರನ್ನು ಹೊಡೆದೋಡಿಸಿದ ರಾಜ ಇವನೇ. ಅಣ್ಣ ತಂಗಿಯರಾದ್ದರಿಂದ ಅವನ ತಂದೆ ತಾಯಿ ಇಬ್ಬರಿಗೂ ತಾಯಿ ಒಬ್ಬಳೇ.

ಒಸೈರಿಸ್ ಉತ್ಸವ ನಿಂತ ಮೇಲೂ ಅಬೈಡೋಸ್ ಸುಮ್ಮನಾಗಲಿಲ್ಲ. ರೋಮನ್ನರ ಕಾಲದಲ್ಲಿ ಸೇತಿಯ ದೇವಾಲಯದಲ್ಲಿ ಬೆಸ್ ಎಂಬ ಕುಳ್ಳ ದೇವರು ಪ್ರಶ್ನೆಗೆ ಉತ್ತರ ಹೇಳುತ್ತಿದ್ದ. ಜನ ಚೀಟಿಯಲ್ಲಿ ಬರೆದು ಕೇಳಿದ ಪ್ರಶ್ನೆಗಳಲ್ಲಿ ಕೆಲವು ಚಕ್ರವರ್ತಿ ಕಾನ್‌ಸ್ಟಾಂಟಿಯಸ್‌ನ ಕೈಗೆ ಸಿಕ್ಕು, ರಾಜದ್ರೋಹದ ವಾಸನೆ ಹಿಡಿದು ಅವನು ಕ್ರಿ.ಶ. 359ರಲ್ಲಿ ವಿಚಾರಣೆ ನಡೆಸಿದ.

ಈಗಿನ ಕಾಟಗಳು ಬೇರೆ. ಹಳೆಯ ಹಸಿ ಇಟ್ಟಿಗೆ ಒಳ್ಳೆಯ ಗೊಬ್ಬರ ಎಂದು ರೈತರು ತಲೆಮಾರುಗಳ ಕಾಲ ಅಗೆದು ಹೊಲಕ್ಕೆ ಹಾಕಿದ್ದಾರೆ. ಅಸ್ವಾನ್ ಅಣೆಕಟ್ಟು 1970ರಲ್ಲಿ ಮುಗಿದ ಮೇಲೆ ನೆರೆ ನಿಂತಿತು, ವರ್ಷವಿಡೀ ನೀರಾವರಿ ಬಂತು, ನೆಲದಡಿಯ ನೀರು ಮೇಲೇರಿ ಉಪ್ಪಿನಂಶ ಗೋಡೆಗಳನ್ನು ತಿನ್ನತೊಡಗಿತು. 2011ರ ಗಲಭೆಯ ತಿಂಗಳುಗಳಲ್ಲಿ ಕಾವಲು ತಪ್ಪಿದಾಗ ಕಳ್ಳರು ರಾತ್ರೋರಾತ್ರಿ ಗುಂಡಿ ತೋಡಿದರು. ಇವರ ಎದುರು ನಿಂತಿರುವವರಲ್ಲಿ ಕುಫ್ತ್ ಊರಿನ ಮೇಸ್ತ್ರಿಗಳೂ ಸೇರಿದ್ದಾರೆ. 1890ರ ದಶಕದಲ್ಲಿ ಪೆಟ್ರಿ ತರಬೇತಿ ಕೊಟ್ಟವರ ಮಕ್ಕಳು ಮೊಮ್ಮಕ್ಕಳು ಈಗಲೂ ಉತ್ಖನನವನ್ನೇ ಕಸುಬಾಗಿ ಮಾಡುತ್ತಾರೆ. ಹಸಿ ಇಟ್ಟಿಗೆಯ ಗೋಡೆಗೂ, ಅದೇ ಗೋಡೆ ಕುಸಿದು ಬಿದ್ದ ಮಣ್ಣಿಗೂ ಬಣ್ಣದಲ್ಲಿ ವ್ಯತ್ಯಾಸವಿರುವುದಿಲ್ಲ. ಕರಣೆ ತಾಗಿದಾಗ ಬರುವ ಸದ್ದಿನಲ್ಲಿ, ಕೈಗೆ ಸಿಗುವ ಬಿಗಿಯಲ್ಲಿ ಮಾತ್ರ ಇರುತ್ತದೆ. ಅದನ್ನು ಗುರುತಿಸಿ ಗೋಡೆ ಉಳಿಸಿ ಮಣ್ಣು ಬಿಡಿಸುವುದು ಪದವಿಯಿಂದ ಬರುವ ವಿದ್ಯೆಯಲ್ಲ. ವರದಿಗಳ ಮುಖಪುಟದಲ್ಲಿ ಅವರ ಹೆಸರು ಬರುವುದು ಅಪರೂಪ.

ಇನ್ನೊಂದು ಕಾಟವನ್ನು ಕಾಟ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಊರು ಬೆಳೆದಿದೆ, ಹೊಲ ಬೆಳೆದಿಲ್ಲ. ಊರವರೂ ತಮ್ಮವರನ್ನು ಗೆರೆಯಾಚೆಯ ಮರಳಿನಲ್ಲೇ ಹೂಳುತ್ತಾರೆ, ಹಳೆಯ ಸ್ಮಶಾನದ ಮೇಲೆ ಹೊಸ ಗೋರಿಗಳು ಏಳುತ್ತವೆ. ವರದಿಗಳು ಇದನ್ನು ಒತ್ತುವರಿ ಎನ್ನುತ್ತವೆ, ಕಾನೂನಿನ ಪ್ರಕಾರ ಅದು ಸರಿಯೇ. ಆದರೆ ಅದೇ ಮರಳಿನ ಮೇಲೆ ದೈರ್ ಸಿತ್ ದಮಿಯಾನಾ ಎಂಬ ಕಾಪ್ಟಿಕ್ ಕ್ರೈಸ್ತರ ಹಳೆಯ ಹಳ್ಳಿಯೂ ಇದೆ. ಅದರ ಸುತ್ತುಗೋಡೆ ನಿಂತಿರುವುದು ಮೊದಲ ರಾಜರ ಆವರಣವೊಂದರ ಮೇಲೆ ಎಂದು ಪುರಾತತ್ವಜ್ಞರು ಬಹಳ ಹಿಂದೆಯೇ ಊಹಿಸಿದ್ದಾರೆ. ಆ ಹಳ್ಳಿ ಈಗ ಪಾರಂಪರಿಕ ತಾಣದ ಭಾಗ. ಒತ್ತುವರಿಯ ಆಪಾದನೆ ಇರುವುದು ಇತ್ತೀಚೆಗೆ ಸತ್ತವರ ಮೇಲೆ ಮಾತ್ರ.